ಉಳಿತಾಯದ ದೀಪ ಮತ್ತು ಅದರೊಳಗಿನ ಪಾದರಸ

ಕಾಸರಗೋಡು ಜಿಲ್ಲೆಯ ಉತ್ತರದ ಅಂಚಿನಲ್ಲಿ, ಪೈವಳಿಕೆ ಗ್ರಾಮ ಪಂಚಾಯತಿನ ವ್ಯಾಪ್ತಿಯಲ್ಲಿರುವ ಬಾಯಾರು ಸುರಂಗಗಳಿಗೆ ಹೆಸರಾದ ಊರು. ಗುಡ್ಡದ ಮಗ್ಗುಲನ್ನು ಅಡ್ಡಕ್ಕೆ ಕೊರೆದು ಮಾಡಿದ ಈ ಸುರಂಗಗಳಲ್ಲಿ ಮುರಕಲ್ಲಿನ ಪದರಗಳ ನಡುವೆ ಒಸರುವ ನೀರು ತಾನಾಗಿಯೇ ಹೊರಕ್ಕೆ ಹರಿದು ಮನೆಯ ತೊಟ್ಟಿಯನ್ನು ಸೇರುತ್ತದೆ. ಅದಕ್ಕೆ ಪಂಪು ಬೇಡ, ಹಗ್ಗವೂ ಬೇಡ. ಗುಡ್ಡದ ನೆತ್ತಿಯ ಮೇಲೆ ಸುರಿದ ಮಳೆಯೇ ತಪ್ಪಲಿನ ಮನೆಯ ಕುಡಿಯುವ ನೀರು. ಇಂತಹ ಪ್ರದೇಶದಲ್ಲಿ ಕಸವನ್ನು 'ಗುಡ್ಡೆಗೆ ಎಸೆಯುವುದು' ಎಂದರೆ ನೀರಿನ ದಾರಿಗೆ ಎಸೆಯುವುದೆಂದೇ ಅರ್ಥ. ಆದರೂ ಕೆಟ್ಟುಹೋದ ಟ್ಯೂಬ್‌ಲೈಟುಗಳು ಮತ್ತು ಸಿ.ಎಫ್.ಎಲ್. ಬಲ್ಬುಗಳು ಗುಡ್ಡದ ಬದಿಗೆ, ಕಲ್ಲು ತೆಗೆದುಬಿಟ್ಟ ಕೋರೆಗೆ ಅಥವಾ ಪಾಳು ಬಾವಿಗೆ ಹೋಗಿ ಬೀಳುವುದು ನಾಡಿನ ಎಲ್ಲೆಡೆಯೂ ಕಾಣುವ ರೂಢಿ. ಶಾಲೆಗಳಲ್ಲಿಯೂ ಅವು ದಾಸ್ತಾನು ಕೊಠಡಿಯ ಮೂಲೆಯಲ್ಲಿ ಒರಗಿಕೊಂಡು, ಎಂದಾದರೊಂದು ದಿನ ಮಕ್ಕಳ ಕೈಗೆ ಸಿಕ್ಕಿ ಒಡೆಯುತ್ತವೆ. ವಿದ್ಯುತ್ತನ್ನು ಉಳಿಸುವ ದೀಪವೆಂದು ಪಾಠದಲ್ಲಿ ಹೊಗಳಲ್ಪಟ್ಟ ವಸ್ತು ಒಡೆದಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ. ಆಗ ಅಧ್ಯಾಪಕರ ಬಳಿ ಲೆಕ್ಕಸಹಿತವಾದ ಉತ್ತರವಿರಬೇಕು. ಭಯ ಹುಟ್ಟಿಸುವ ಉತ್ತರವೂ ಸಲ್ಲದು, ತಳ್ಳಿಹಾಕುವ ಉತ್ತರವೂ ಸಲ್ಲದು.

ದೀಪಗಳಿಗೆ ಅಪಾಯವೆಂಬುದು ಹೊಸತಲ್ಲ. ಚಿಮಿಣಿ ದೀಪದ ಹೊಗೆಯಲ್ಲಿ ಓದಿದ ತಲೆಮಾರಿನವರಿಗೆ ಮೂಗಿನ ಹೊಳ್ಳೆಯ ಮಸಿ ನೆನಪಿದೆ. ಯಕ್ಷಗಾನ ಬಯಲಾಟದ ರಂಗಸ್ಥಳವನ್ನು ಬೆಳಗಿದ ಪೆಟ್ರೋಮ್ಯಾಕ್ಸಿನ ಮ್ಯಾಂಟಲಿನಲ್ಲಿ ಥೋರಿಯಂ ಎಂಬ ವಿಕಿರಣಶೀಲ ಧಾತುವಿನ ಆಕ್ಸೈಡು ಇರುತ್ತಿತ್ತು. ತಿರುವಾಂಕೂರು ಕರಾವಳಿಯ ಮೊನಜೈಟ್ ಮರಳಿಗೆ ಒಂದು ಕಾಲದಲ್ಲಿ ವಿದೇಶಗಳಲ್ಲಿ ಬೇಡಿಕೆ ಬಂದುದೇ ಈ ಮ್ಯಾಂಟಲುಗಳ ದೆಸೆಯಿಂದ. ಆ ಬಳಿಕ ಬಂದ ತಂತಿಯ ಬಲ್ಬು ಅಂತಹ ವಿಷವನ್ನೇನೂ ಒಳಗೊಂಡಿರಲಿಲ್ಲ. ಆದರೆ ತಾನು ಪಡೆದ ವಿದ್ಯುತ್ತಿನ ನೂರರಲ್ಲಿ ತೊಂಬತ್ತಕ್ಕೂ ಮಿಕ್ಕ ಪಾಲನ್ನು ಅದು ಶಾಖವಾಗಿ ಕಳೆದುಬಿಡುತ್ತಿತ್ತು. ಈ ನಷ್ಟವನ್ನು ತಪ್ಪಿಸಲೆಂದೇ ಸಿ.ಎಫ್.ಎಲ್. ಎಂಬ 'ಕಾಂಪ್ಯಾಕ್ಟ್ ಫ್ಲೋರೊಸೆಂಟ್ ಲ್ಯಾಂಪ್' ಬಂದಿತು. ಪಾದರಸವೂ ಅದರೊಡನೆ ಮನೆಯೊಳಗೆ ಬಂದಿತು.

ಸಿ.ಎಫ್.ಎಲ್. ಹಳ್ಳಿಗೆ ಬಂದ ಬಗೆ

ಕೇಂದ್ರ ವಿದ್ಯುತ್ ಸಚಿವಾಲಯವು 2009ರಲ್ಲಿ 'ಬಚತ್ ಲ್ಯಾಂಪ್ ಯೋಜನೆ'ಯನ್ನು ಆರಂಭಿಸಿತು. ತಂತಿಯ ಬಲ್ಬನ್ನು ಕೊಟ್ಟವರಿಗೆ ಹೆಚ್ಚುಕಡಿಮೆ ಅದೇ ಬೆಲೆಗೆ, ಎಂದರೆ ಸುಮಾರು 15 ರೂಪಾಯಿಗೆ, ಸಿ.ಎಫ್.ಎಲ್. ಕೊಡುವುದು ಅದರ ಕ್ರಮ. ದೀಪದ ನಿಜವಾದ ಬೆಲೆಗೂ ಈ ಹಣಕ್ಕೂ ಇರುವ ಅಂತರವನ್ನು ಅಂತಾರಾಷ್ಟ್ರೀಯ ಇಂಗಾಲ ವಹಿವಾಟಿನ ಆದಾಯದಿಂದ ತುಂಬಿಕೊಳ್ಳುವ ಏರ್ಪಾಡಿತ್ತು. ರಾಜ್ಯದಾದ್ಯಂತ ಈ ಯೋಜನೆಯನ್ನು ನಡೆಸಿದವರಲ್ಲಿ ಕೇರಳ ಮುಂಚೂಣಿಯಲ್ಲಿತ್ತು. ಮನೆಯೊಂದಕ್ಕೆ 14 ವಾಟಿನ ಎರಡು ದೀಪಗಳಂತೆ ಕೇರಳ ರಾಜ್ಯ ವಿದ್ಯುಚ್ಛಕ್ತಿ ಮಂಡಳಿಯು ಒಂದು ಕೋಟಿಗೂ ಮಿಕ್ಕಿದ ದೀಪಗಳನ್ನು ಹಂಚಿತು. ದೀಪವನ್ನು ತಲಪಿಸುವ ವ್ಯವಸ್ಥೆ ಅಷ್ಟು ಬಲವಾಗಿತ್ತು. ಕೆಟ್ಟ ದೀಪವನ್ನು ಮರಳಿ ಪಡೆಯುವ ವ್ಯವಸ್ಥೆ ಮಾತ್ರ ಅದರ ಜೊತೆಜೊತೆಗೆ ಹಳ್ಳಿಗೆ ಬರಲಿಲ್ಲ.

ಹಳ್ಳಿಗಳಲ್ಲಿ ಸಿ.ಎಫ್.ಎಲ್. ಮೆಚ್ಚುಗೆ ಗಳಿಸಲು ಬಿಲ್ಲಿನ ಉಳಿತಾಯವೊಂದೇ ಕಾರಣವಲ್ಲ. ವಿದ್ಯುತ್ ತಂತಿಯ ತುತ್ತತುದಿಯಲ್ಲಿರುವ ಮನೆಗಳಿಗೆ ಸಂಜೆ ಹೊತ್ತು ಬರುವ ವೋಲ್ಟೇಜು ಬಹಳ ಕಡಿಮೆ. ಆ ವೇಳೆಯಲ್ಲಿ ತಂತಿಯ ಬಲ್ಬು ಕೆಂಪಗೆ ಮಿಣುಕುತ್ತದೆ, ಚೋಕು ಇರುವ ಟ್ಯೂಬ್‌ಲೈಟು ಹೊತ್ತಿಕೊಳ್ಳದೆ ಮಿಟುಕುತ್ತಲೇ ಇರುತ್ತದೆ. ಒಳಗೆ ಇಲೆಕ್ಟ್ರಾನಿಕ್ ಸರ್ಕಿಟ್ ಇರುವ ಸಿ.ಎಫ್.ಎಲ್. ಅಂತಹ ಹೊತ್ತಿನಲ್ಲಿಯೂ ಉರಿಯುತ್ತಿತ್ತು. ಮಕ್ಕಳು ಮನೆಪಾಠ ಬರೆಯುವ ಹೊತ್ತೂ ಅದೇ ಎಂಬುದನ್ನು ನೆನೆದರೆ, ಈ ದೀಪ ಮಾಡಿದ ಉಪಕಾರವನ್ನು ಮರೆತು ಅದರ ದೋಷವನ್ನಷ್ಟೇ ಹೇಳುವುದು ನ್ಯಾಯವಾಗದು.

ಉಳಿತಾಯದ ಲೆಕ್ಕವೂ ತರಗತಿಯಲ್ಲಿ ಮಾಡಿಸಲು ತಕ್ಕದ್ದು. 60 ವಾಟಿನ ಬಲ್ಬಿನ ಬದಲಿಗೆ 14 ವಾಟಿನ ಸಿ.ಎಫ್.ಎಲ್. ಹಾಕಿದರೆ 46 ವಾಟ್ ಉಳಿಯುತ್ತದೆ. ದಿನಕ್ಕೆ 4 ಗಂಟೆ ಉರಿಸಿದರೆ ವರ್ಷಕ್ಕೆ 1460 ಗಂಟೆ. ಉಳಿತಾಯ ಸುಮಾರು 67 ಯೂನಿಟ್. ಅದೇ ಜಾಗದಲ್ಲಿ 9 ವಾಟಿನ ಎಲ್.ಇ.ಡಿ. ಹಾಕಿದರೆ ಉಳಿತಾಯ 74 ಯೂನಿಟ್ ದಾಟುತ್ತದೆ. ಈ ಎರಡು ಸಂಖ್ಯೆಗಳ ವ್ಯತ್ಯಾಸ 7 ಯೂನಿಟ್ ಚಿಲ್ಲರೆ ಮಾತ್ರ ಎಂಬುದು ಗಮನಾರ್ಹ. ಸಿ.ಎಫ್.ಎಲ್.ನಿಂದ ಎಲ್.ಇ.ಡಿ.ಗೆ ಬರುವುದರ ಮುಖ್ಯ ಲಾಭ ವಿದ್ಯುತ್ತಿನಲ್ಲಿಲ್ಲ. ಪಾದರಸವಿಲ್ಲದಿರುವುದರಲ್ಲಿ ಮತ್ತು ಹೆಚ್ಚು ಬಾಳಿಕೆಯಲ್ಲಿ ಆ ಲಾಭವಿದೆ.

ಕೊಳವೆಯೊಳಗೆ ನಡೆಯುವುದು

ಸಿ.ಎಫ್.ಎಲ್. ಎಂಬುದು ಮಡಚಿದ ಅಥವಾ ಸುರುಳಿ ಸುತ್ತಿದ ಒಂದು ಟ್ಯೂಬ್‌ಲೈಟು. ಕೊಳವೆಯೊಳಗೆ ಅತಿ ಕಡಿಮೆ ಒತ್ತಡದಲ್ಲಿ ಆರ್ಗಾನ್ ಮೊದಲಾದ ಜಡ ಅನಿಲವೂ ಒಂದಿಷ್ಟು ಪಾದರಸವೂ ಇರುತ್ತವೆ. ವಿದ್ಯುತ್ ಹರಿದಾಗ ಇಲೆಕ್ಟ್ರಾನುಗಳು ಪಾದರಸದ ಆವಿಯ ಪರಮಾಣುಗಳಿಗೆ ಢಿಕ್ಕಿ ಹೊಡೆಯುತ್ತವೆ. ಆ ಪರಮಾಣುಗಳು ತಮಗೆ ದೊರೆತ ಶಕ್ತಿಯನ್ನು ಹೆಚ್ಚಾಗಿ 254 ನ್ಯಾನೋಮೀಟರ್ ತರಂಗದೂರದ ಅತಿನೇರಳೆ ಕಿರಣಗಳಾಗಿ ಹೊರಸೂಸುತ್ತವೆ. ಇದು ಕಣ್ಣಿಗೆ ಕಾಣದ ಕಿರಣ. ಗಾಜಿನ ಒಳಮೈಗೆ ಬಳಿದ ಬಿಳಿಯ ಪ್ರತಿದೀಪ್ತಿ ಪುಡಿ ಅದನ್ನು ಹೀರಿಕೊಂಡು ಕಾಣುವ ಬೆಳಕನ್ನು ಕೊಡುತ್ತದೆ. ಪಾದರಸವಿಲ್ಲದೆ ಈ ದೀಪವಿಲ್ಲ. ಆದುದರಿಂದ 'ಪಾದರಸ ಹಾಕದ ಒಳ್ಳೆಯ ಸಿ.ಎಫ್.ಎಲ್.' ಎಂಬುದೊಂದು ಇರಲಾರದು.

ಎಷ್ಟು ಪಾದರಸ ಎಂಬುದು ಮುಂದಿನ ಪ್ರಶ್ನೆ. ಮನೆಬಳಕೆಯ ಸಿ.ಎಫ್.ಎಲ್.ನಲ್ಲಿ ಸಾಮಾನ್ಯವಾಗಿ 3ರಿಂದ 5 ಮಿಲಿಗ್ರಾಂ ಪಾದರಸವಿರುತ್ತದೆ. ಹಳೆಯ ದಪ್ಪ ಟ್ಯೂಬ್‌ಲೈಟುಗಳಲ್ಲಿ ಅದಕ್ಕಿಂತ ಹೆಚ್ಚು. ಪಾದರಸದ ಸಾಂದ್ರತೆ ನೀರಿನ 13.6 ಪಟ್ಟು. ಆದುದರಿಂದ 4 ಮಿಲಿಗ್ರಾಂ ಪಾದರಸವನ್ನು ಒಂದು ಹನಿಯಾಗಿ ಕೂಡಿಸಿದರೆ ಅದರ ಅಡ್ಡಳತೆ ಒಂದು ಮಿಲಿಮೀಟರೂ ಆಗದು. ರಾಗಿಯ ಕಾಳಿಗಿಂತ ಸಣ್ಣದು. ಒಡೆದ ಬಲ್ಬಿನಲ್ಲಿ ಬೆಳ್ಳಿಯ ಗುಂಡುಗಳು ಓಡಾಡುತ್ತವೆಯೇ ಎಂದು ಮಕ್ಕಳು ಹುಡುಕುವುದುಂಟು. ಅವು ಕಾಣಿಸುವುದಿಲ್ಲ, ಪಾದರಸದ ಬಹುಪಾಲು ಬಿಳಿ ಪುಡಿಗೂ ಗಾಜಿಗೂ ಅಂಟಿಕೊಂಡಿರುತ್ತದೆ, ಉಳಿದುದು ಆವಿಯಾಗುತ್ತದೆ. ಕಾಣಿಸದೆ ಇರುವುದರಿಂದಲೇ 'ಏನೂ ಇಲ್ಲ' ಎಂಬ ತಪ್ಪು ಭಾವನೆ ಹುಟ್ಟುತ್ತದೆ.

ಹೋಲಿಕೆಗೆ ಜ್ವರ ನೋಡುವ ಹಳೆಯ ಗಾಜಿನ ಉಷ್ಣಮಾಪಕವನ್ನು ತೆಗೆದುಕೊಳ್ಳಬಹುದು. ಅದರಲ್ಲಿ ಅರ್ಧ ಗ್ರಾಮಿನಿಂದ ಒಂದು ಗ್ರಾಮಿನವರೆಗೆ ಪಾದರಸವಿರುತ್ತದೆ, ಎಂದರೆ ನೂರಾರು ಬಲ್ಬುಗಳಲ್ಲಿರುವಷ್ಟು. ಶಾಲೆಯ ವಿಜ್ಞಾನ ಕೊಠಡಿಯ ಕಪಾಟಿನಲ್ಲಿ ವಾಯುಭಾರಮಾಪಕದ ಪ್ರಯೋಗಕ್ಕೆಂದು ಎಂದೋ ತರಿಸಿದ ಪಾದರಸದ ಸೀಸೆಯೊಂದು ಇದ್ದರೆ, ಇಡೀ ಊರಿನ ಸಿ.ಎಫ್.ಎಲ್.ಗಳಲ್ಲಿ ಇರುವುದಕ್ಕಿಂತ ಹೆಚ್ಚಿನ ಪಾದರಸ ಅದರಲ್ಲಿರಬಹುದು. ಮುಚ್ಚಳ ಸಡಿಲವಾದ ಆ ಸೀಸೆಯ ಬಗ್ಗೆ ಯೋಚಿಸದೆ ಬಲ್ಬಿನ ಬಗ್ಗೆ ಮಾತ್ರ ಎಚ್ಚರಿಕೆ ಹೇಳುವುದು ವಿಚಿತ್ರವಾದೀತು.

ಒಡೆದಾಗ

ಪಾದರಸವನ್ನು ಅರಿಯದೆ ನುಂಗಿದರೆ ಲೋಹರೂಪದಲ್ಲಿ ಅದು ಹೊಟ್ಟೆಯಲ್ಲಿ ಹೀರಲ್ಪಡುವುದು ಅತ್ಯಲ್ಪ. ಉಸಿರಾಡಿದಾಗ ಹಾಗಲ್ಲ, ಒಳಹೊಕ್ಕ ಆವಿಯ ಸುಮಾರು ನೂರಕ್ಕೆ ಎಂಬತ್ತು ಪಾಲು ಶ್ವಾಸಕೋಶದ ಮೂಲಕ ರಕ್ತಕ್ಕೆ ಸೇರುತ್ತದೆ, ಅಲ್ಲಿಂದ ಮೆದುಳಿಗೂ ಮೂತ್ರಪಿಂಡಕ್ಕೂ ಹೋಗುತ್ತದೆ. ಬಹುಕಾಲ ಆವಿಯ ನಡುವೆ ದುಡಿದವರಲ್ಲಿ ಕೈನಡುಕ, ಮರೆವು, ಸಿಡಿಮಿಡಿ ಸ್ವಭಾವ ಕಾಣಿಸಿಕೊಳ್ಳುವುದು ಹಿಂದಿನಿಂದಲೂ ತಿಳಿದ ಸಂಗತಿ. ಬೆಳೆಯುತ್ತಿರುವ ಮಕ್ಕಳ ಮತ್ತು ಗರ್ಭಸ್ಥ ಶಿಶುವಿನ ನರಮಂಡಲವು ಇದಕ್ಕೆ ಹೆಚ್ಚು ಸುಲಭವಾಗಿ ಈಡಾಗುತ್ತದೆ.

ಒಂದು ಬಲ್ಬು ಒಡೆದರೆ ತರಗತಿಯ ಗಾಳಿ ಎಷ್ಟು ಕೆಡುತ್ತದೆ? 6 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರದ ಕೊಠಡಿಯಲ್ಲಿ 108 ಘನಮೀಟರ್ ಗಾಳಿಯಿದೆ. ಬಲ್ಬಿನ 4 ಮಿಲಿಗ್ರಾಂ ಪಾದರಸವೂ ಒಂದೇ ಕ್ಷಣದಲ್ಲಿ ಆವಿಯಾಗಿ ಸಮನಾಗಿ ಹರಡಿತೆಂದು ಭಾವಿಸಿದರೆ ಘನಮೀಟರಿಗೆ 37 ಮೈಕ್ರೋಗ್ರಾಂ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ವರ್ಷದ ಸರಾಸರಿಯಾಗಿ ಸೂಚಿಸಿದ ಮಿತಿ ಘನಮೀಟರಿಗೆ 1 ಮೈಕ್ರೋಗ್ರಾಂ. ಸಂಖ್ಯೆಯನ್ನು ಕಂಡೊಡನೆ ಗಾಬರಿಯಾಗಬೇಕಿಲ್ಲ. ಪಾದರಸವು ಒಮ್ಮೆಲೇ ಆವಿಯಾಗುವುದಿಲ್ಲ, ಮೊದಲ ಗಂಟೆಗಳಲ್ಲಿ ಹೊರಬರುವುದು ಅದರ ಒಂದು ಸಣ್ಣ ಪಾಲು. ಕಿಟಕಿ ತೆರೆದ ಕೊಠಡಿಯಲ್ಲಿ ಗಾಳಿ ಬೇಗನೆ ಬದಲಾಗುತ್ತದೆ. ಇಡೀ ವರ್ಷದ ಮಿತಿಯನ್ನು ಕೆಲವು ನಿಮಿಷಗಳ ಸ್ಥಿತಿಗೆ ನೇರವಾಗಿ ಹೋಲಿಸಲೂ ಆಗದು. ಆದರೆ ಮೊಬೈಲ್ ಸಂದೇಶಗಳಲ್ಲಿ ಹರಿದಾಡುವ 'ಬಲ್ಬು ಒಡೆದರೆ ಪ್ರಾಣಕ್ಕೇ ಅಪಾಯ' ಎಂಬ ಮಾತು ಎಷ್ಟು ಸುಳ್ಳೋ, ಒಡೆದ ಚೂರುಗಳನ್ನು ಬೆಂಚಿನ ಕೆಳಗೆ ಸರಿಸಿ ಪಾಠ ಮುಂದುವರಿಸಬಹುದೆಂಬ ಉದಾಸೀನವೂ ಅಷ್ಟೇ ತಪ್ಪು. ಚೂರು ಬಿದ್ದ ಜಾಗದ ಸಮೀಪ, ನೆಲಕ್ಕೆ ಹತ್ತಿರದಲ್ಲಿ ಆವಿ ಹೆಚ್ಚಿರುತ್ತದೆ. ಒಂದನೆಯ ತರಗತಿಯ ಮಗುವಿನ ಮೂಗು ನೆಲಕ್ಕೆ ಹತ್ತಿರವಿರುತ್ತದೆ.

ಮಾಡಬೇಕಾದುದು ಕಷ್ಟದ ಕೆಲಸವೇನಲ್ಲ. ಮೊದಲು ಮಕ್ಕಳನ್ನು ಹೊರಗೆ ಕಳುಹಿಸಿ, ಫ್ಯಾನು ಆರಿಸಿ, ಬಾಗಿಲು ಕಿಟಕಿಗಳನ್ನು ತೆರೆದಿಟ್ಟು ಹತ್ತು ಹದಿನೈದು ನಿಮಿಷ ಕೊಠಡಿಯನ್ನು ಬಿಟ್ಟಿರಬೇಕು. ಹಿಡಿಸೂಡಿಯಿಂದ ಗುಡಿಸಬಾರದು, ಗುಡಿಸಿದಾಗ ಪುಡಿ ಗಾಳಿಗೇರುತ್ತದೆ, ಉಳಿದುದು ಕಡ್ಡಿಗಳ ಎಡೆಯಲ್ಲಿ ಸಿಕ್ಕಿಕೊಂಡು ಮರುದಿನ ಬೇರೆ ಕೊಠಡಿಗೂ ಹೋಗುತ್ತದೆ. ದಪ್ಪ ಕಾಗದದ ಎರಡು ತುಂಡುಗಳಿಂದ, ಹಳೆಯ ಆಮಂತ್ರಣ ಪತ್ರಿಕೆಯಾದರೂ ಸಾಕು, ಚೂರುಗಳನ್ನು ಎತ್ತಬೇಕು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡರೆ ಗಾಜು ತಾಗದು. ಕಣ್ಣಿಗೆ ಕಾಣದ ಪುಡಿಯನ್ನು ಅಂಟುಪಟ್ಟಿಯ ಅಂಟಿನ ಬದಿಯಿಂದ ಒತ್ತಿ ತೆಗೆದು, ಕೊನೆಗೆ ಒದ್ದೆ ಕಾಗದದಿಂದ ಒರಸಬೇಕು. ಕಾಗದ, ಪಟ್ಟಿ, ಚೂರು ಎಲ್ಲವನ್ನೂ ಬಿಗಿ ಮುಚ್ಚಳದ ಗಾಜಿನ ಭರಣಿಗೆ ಹಾಕಿ ಕಟ್ಟಡದ ಹೊರಗೆ ನೆರಳಿನಲ್ಲಿ ಇಡಬೇಕು. ತೆಳ್ಳಗಿನ ಪ್ಲಾಸ್ಟಿಕ್ ಚೀಲವು ಪಾದರಸದ ಆವಿಯನ್ನು ತಡೆಯುವುದಿಲ್ಲ. ಒರಸಿದ ಕಾಗದವನ್ನು ಕೈತೊಳೆಯುವ ತೊಟ್ಟಿಯಲ್ಲಿ ತೊಳೆಯಲೂಬಾರದು. ಈ ಕೆಲಸವನ್ನು ಹಿರಿಯರೇ ಮಾಡಬೇಕು, ಎಷ್ಟೇ ಉತ್ಸಾಹ ತೋರಿದರೂ ಮಕ್ಕಳಿಗೆ ವಹಿಸಬಾರದು.

ಟ್ಯೂಬ್‌ಲೈಟಿನ ಗಾಜು ತಾಗಿದ ಗಾಯ ಮಾಯುವುದೇ ಇಲ್ಲವೆಂಬ ನಂಬಿಕೆ ಹಲವೆಡೆ ಇದೆ. ಇದರ ಬುಡದಲ್ಲಿ ಒಂದು ಸತ್ಯವಿದೆ. ಮೊದಮೊದಲಿನ ಟ್ಯೂಬ್‌ಲೈಟುಗಳ ಒಳಲೇಪದಲ್ಲಿ ಬೆರಿಲಿಯಂ ಎಂಬ ವಿಷಕಾರಿ ಧಾತುವಿನ ಸಂಯುಕ್ತಗಳಿದ್ದವು. ಅವುಗಳಿಂದಾದ ಗಾಯಗಳು ನಿಜಕ್ಕೂ ಗುಣವಾಗುತ್ತಿರಲಿಲ್ಲ, ಕಾರ್ಖಾನೆಯ ಕೆಲಸಗಾರರಿಗೆ ಶ್ವಾಸಕೋಶದ ಕಾಯಿಲೆಯೂ ಬಂದಿತ್ತು. ಅಮೆರಿಕದ ತಯಾರಕರು 1949ರಲ್ಲಿ ಅದರ ಬಳಕೆಯನ್ನು ನಿಲ್ಲಿಸಿದರು. ಇಂದಿನ ದೀಪದಲ್ಲಿ ಆ ಧಾತುವಿಲ್ಲ, ನಂಬಿಕೆ ಮಾತ್ರ ಉಳಿದಿದೆ. ಗಾಯವನ್ನು ಚೆನ್ನಾಗಿ ತೊಳೆದು ಚೂರು ಉಳಿದಿಲ್ಲವೆಂದು ನೋಡಿಕೊಂಡರೆ ಇತರ ಗಾಜಿನ ಗಾಯದಂತೆಯೇ ಅದೂ ಮಾಯುತ್ತದೆ.

ವಿಜ್ಞಾನ ಕ್ಲಬ್ಬು ಮತ್ತು ವೃತ್ತಿ ಪರಿಚಯ ಚಟುವಟಿಕೆಗಳ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳುವುದು ಅಗತ್ಯ. ಕೆಟ್ಟ ಸಿ.ಎಫ್.ಎಲ್.ನ ತಳಭಾಗವನ್ನು ಬಿಡಿಸಿ ಅದರಲ್ಲಿ ಎಲ್.ಇ.ಡಿ. ಜೋಡಿಸುವುದು ಆಕರ್ಷಕ ಚಟುವಟಿಕೆ. ಆದರೆ ಗಾಜಿನ ಕೊಳವೆಯನ್ನು ಹಿಡಿದು ತಿರುಗಿಸುವಾಗಲೇ ಅದು ಒಡೆಯುವುದು. ಒಡೆದ ಕೊಳವೆ ಮುಖದಿಂದ ಒಂದು ಗೇಣು ದೂರದಲ್ಲಿರುತ್ತದೆ. ಇನ್ನೊಂದು ಅಪಾಯ ತಳದ ಒಳಗಿರುವ ಕೆಪಾಸಿಟರಿನದು. 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿ ಬದಲಿಸಿದಾಗ ಅದರಲ್ಲಿ ಸುಮಾರು 325 ವೋಲ್ಟ್ ನಿಲ್ಲುತ್ತದೆ; ಆಗಷ್ಟೇ ಕಳಚಿದ ಬಲ್ಬಿನಲ್ಲಿ ಈ ಆವೇಶ ಉಳಿದಿರಬಹುದು. ಎಲ್.ಇ.ಡಿ. ಜೋಡಣೆಯನ್ನು ಹೊಸ ಬಿಡಿಭಾಗಗಳಿಂದಲೇ ಮಾಡಿಸುವುದು ಲೇಸು.

ಮಣ್ಣು, ನೀರು ಮತ್ತು ಕಲ್ಲಿದ್ದಲು

ಒಂದು ಬಲ್ಬು ಒಂದು ಸುರಂಗವನ್ನು ಕೆಡಿಸದು. ಪಾದರಸವು ಮಣ್ಣಿನ ಜೈವಿಕಾಂಶಕ್ಕೂ ಮುರಕಲ್ಲಿನಂತಹ ಕಬ್ಬಿಣಭರಿತ ಮಣ್ಣಿಗೂ ಅಂಟಿಕೊಳ್ಳುವ ಗುಣವುಳ್ಳದ್ದು. ಆದರೆ ಅದು ಧಾತು. ಕೊಳೆತು ಇಲ್ಲವಾಗುವ ವಸ್ತುವಲ್ಲ. ಮಳೆಯಲ್ಲಿ ಮಣ್ಣಿನೊಡನೆ ಕೊಚ್ಚಿಹೋಗಿ ಕೆರೆಯ ಕೆಸರನ್ನೋ ಅಳಿವೆಯನ್ನೋ ಸೇರಿದಾಗ, ಆಮ್ಲಜನಕ ಕಡಿಮೆಯಿರುವ ಆ ಕೆಸರಿನ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವನ್ನಾಗಿ ಬದಲಿಸಬಲ್ಲವು. ಈ ರೂಪದಲ್ಲಿ ಅದು ಸಣ್ಣ ಜೀವಿಗಳಿಂದ ಸಣ್ಣ ಮೀನಿಗೆ, ಅಲ್ಲಿಂದ ದೊಡ್ಡ ಮೀನಿಗೆ ಏರುತ್ತಾ ಹೋದಂತೆ ಸಾಂದ್ರವಾಗುತ್ತದೆ. ಜಪಾನಿನ ಮಿನಮಾಟ ಕೊಲ್ಲಿಯಲ್ಲಿ ಆದುದು ಇದೇ. ರಾಸಾಯನಿಕ ಕಾರ್ಖಾನೆಯೊಂದು ಬಿಟ್ಟ ತ್ಯಾಜ್ಯ ಮೀನಿನ ಮೂಲಕ ಬೆಸ್ತರ ಮನೆಗಳನ್ನು ಹೊಕ್ಕಿತು. 1956ರ ಮೇ ತಿಂಗಳಲ್ಲಿ ರೋಗ ಅಧಿಕೃತವಾಗಿ ಗುರುತಿಸಲ್ಪಟ್ಟಿತು. ನಮ್ಮ ಕರಾವಳಿಯಲ್ಲಿಯೂ ಕಾರವಾರದ ಕಾಸ್ಟಿಕ್ ಸೋಡಾ ಘಟಕವೊಂದರ ಸಮೀಪದ ಕಡಲಿನ ಪಾದರಸವನ್ನು ವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ. ಕೊಡೈಕೆನಾಲಿನ ಉಷ್ಣಮಾಪಕ ಕಾರ್ಖಾನೆಯು ಪಾದರಸ ತ್ಯಾಜ್ಯದ ವಿವಾದದಿಂದಾಗಿ 2001ರಲ್ಲಿ ಮುಚ್ಚಿತು. ಇವೆಲ್ಲವೂ ಕಾರ್ಖಾನೆಯ ಪ್ರಮಾಣದ ಘಟನೆಗಳು, ಮನೆಯ ಬಲ್ಬಿಗೆ ಸಮನಲ್ಲ. ಆದರೆ ಕೋಟಿಗಟ್ಟಲೆ ದೀಪಗಳಲ್ಲಿ ತಲಾ 4 ಮಿಲಿಗ್ರಾಂ ಎಂದರೆ ಕೋಟಿಗೆ 40 ಕಿಲೋಗ್ರಾಂ ಆಯಿತು. ಹಂಚಿಹೋದುದರಿಂದ ಆ ತೂಕ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಪೈವಳಿಕೆಯ ನೆರೆಯ ಎಣ್ಮಕಜೆಯ ಜನರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಗೇರುತೋಟಗಳ ಮೇಲೆ ಎರಡು ದಶಕಗಳಷ್ಟು ಕಾಲ ಸಿಂಪಡಿಸಿದ ಎಂಡೋಸಲ್ಫಾನ್ ಪಡ್ರೆಯಂತಹ ಊರುಗಳಲ್ಲಿ ಏನು ಮಾಡಿತೆಂಬುದು ಜಿಲ್ಲೆಯ ಪ್ರತಿ ಶಾಲೆಗೂ ತಿಳಿದಿದೆ. ಆ ನೋವಿನ ನೆನಪಿರುವ ಮಕ್ಕಳ ಎದುರಿನಲ್ಲಿ ಪಾದರಸದ ವಿಷಯವನ್ನು ಎತ್ತುವಾಗ ಎರಡರ ಪ್ರಮಾಣದ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳಬೇಕು. ಇಲ್ಲವಾದರೆ ಅನಗತ್ಯ ಭೀತಿ ಮನೆಗೆ ಹೋಗುತ್ತದೆ.

ಸಿ.ಎಫ್.ಎಲ್. ಪರವಾಗಿ ಹೇಳುವ ಒಂದು ವಾದ ಕುತೂಹಲಕರ. ಕಲ್ಲಿದ್ದಲಿನಲ್ಲಿಯೂ ಪಾದರಸ ಅತ್ಯಲ್ಪ ಪ್ರಮಾಣದಲ್ಲಿದೆ, ಉರಿಸಿದಾಗ ಅದು ಗಾಳಿಗೆ ಸೇರುತ್ತದೆ. ಆದುದರಿಂದ ವಿದ್ಯುತ್ ಉಳಿಸುವ ದೀಪ ತನ್ನೊಳಗಿನ ಪಾದರಸಕ್ಕಿಂತ ಹೆಚ್ಚು ಪಾದರಸವನ್ನು ಹೊಗೆಕೊಳವೆಯಲ್ಲಿಯೇ ತಡೆಯುತ್ತದೆ ಎಂಬುದು ಆ ವಾದ. ವಿದ್ಯುತ್ತು ಕಲ್ಲಿದ್ದಲಿನಿಂದಲೇ ಬರುವ ನಾಡಿಗೆ ಇದು ಬಹುಮಟ್ಟಿಗೆ ಸರಿ. ಕೇರಳದೊಳಗೆ ಉತ್ಪಾದನೆಯಾಗುವ ವಿದ್ಯುತ್ತು ಹೆಚ್ಚಾಗಿ ಜಲಮೂಲದ್ದು, 1976ರಲ್ಲಿ ಕಾರ್ಯಾರಂಭ ಮಾಡಿದ ಇಡುಕ್ಕಿ ಯೋಜನೆಯೊಂದೇ 780 ಮೆಗಾವಾಟಿನದು. ಇದೇ ಜಿಲ್ಲೆಯ ಚೀಮೇನಿಯಲ್ಲಿ ಕಲ್ಲಿದ್ದಲು ಸ್ಥಾವರದ ಪ್ರಸ್ತಾಪ ಬಂದಾಗ ಸ್ಥಳೀಯರು ವಿರೋಧಿಸಿದರು, ಅದು ನೆಲೆಗೊಳ್ಳಲಿಲ್ಲ. ಆದರೆ ರಾಜ್ಯಕ್ಕೆ ಸಾಲದ ವಿದ್ಯುತ್ತು ಹೊರಗಿನಿಂದ ಬರುತ್ತದೆ, ಅದರಲ್ಲಿ ಕಲ್ಲಿದ್ದಲಿನ ಪಾಲು ದೊಡ್ಡದು. ಹೀಗಾಗಿ ಬಾಯಾರಿನ ಮನೆಯೊಂದರಲ್ಲಿ ಉಳಿದ ಯೂನಿಟ್ಟು ಬೇರೆಲ್ಲಿಯೋ ಒಂದಿಷ್ಟು ಕಲ್ಲಿದ್ದಲನ್ನು ಉಳಿಸಿದ್ದು ನಿಜ. ಆದರೂ ಒಂದು ಅಂಶ ಈ ಲೆಕ್ಕದಲ್ಲಿ ಮರೆಯಾಗುತ್ತದೆ: ಉಳಿತಾಯವಾದದ್ದು ದೂರದ ಗಾಳಿಯಲ್ಲಿ, ಉಳಿದುಹೋದದ್ದು ಇಲ್ಲಿಯ ನೆಲದಲ್ಲಿ. ಒಟ್ಟು ಮೊತ್ತ ಕಡಿಮೆಯಾಯಿತೆಂಬುದು ಕೋರೆಯಲ್ಲಿ ಬಿದ್ದ ಬಲ್ಬಿಗೆ ಸಮಾಧಾನವಾಗದು.

ಅತಿನೇರಳೆ ಕಿರಣದ ಬಗ್ಗೆಯೂ ಆಗಾಗ ಕೇಳಿಬರುತ್ತದೆ. ಕೊಳವೆಯ ಗಾಜು ಮತ್ತು ಲೇಪ ಅದರ ಬಹುಪಾಲನ್ನು ತಡೆಯುತ್ತವೆ, ಅತ್ಯಲ್ಪ ಭಾಗ ಸೋರುತ್ತದೆ. ಹೊರಕವಚವಿಲ್ಲದ ಸಿ.ಎಫ್.ಎಲ್.ಗೆ 30 ಸೆಂಟಿಮೀಟರಿಗಿಂತ ಹತ್ತಿರದಲ್ಲಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕೂರಬಾರದೆಂದು ಬ್ರಿಟನ್ನಿನ ಆರೋಗ್ಯ ಸಂರಕ್ಷಣಾ ಸಂಸ್ಥೆಯು 2008ರಲ್ಲಿ ಸೂಚಿಸಿತ್ತು. ಮೇಜಿನ ದೀಪಕ್ಕೆ ಇದು ಅನ್ವಯಿಸುತ್ತದೆ, ಮಾಡಿನ ದೀಪಕ್ಕಲ್ಲ.

ಎಲ್.ಇ.ಡಿ. ಬಂದ ಮೇಲೆ

ನೀಲಿ ಎಲ್.ಇ.ಡಿ.ಯನ್ನು ಸಾಧಿಸಿದ ಅಕಾಸಾಕಿ, ಅಮಾನೊ ಮತ್ತು ನಾಕಾಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಮರುವರ್ಷ ಜನವರಿ 5ರಂದು ಭಾರತ ಸರಕಾರವು ಎಲ್.ಇ.ಡಿ. ಹಂಚುವ ಯೋಜನೆಗೆ ಚಾಲನೆ ನೀಡಿತು; ಅದೇ ಮುಂದೆ 'ಉಜಾಲಾ' ಎಂದು ಹೆಸರಾಯಿತು. ಗಡಿಯಾಚೆಯ ಕರ್ನಾಟಕದಲ್ಲಿ ಅದು 'ಹೊಸ ಬೆಳಕು' ಎಂಬ ಹೆಸರಿನಿಂದ ಬಂದಿತು. ಕೇರಳದಲ್ಲಿ ಹಣಕಾಸು ಸಚಿವ ಡಾ. ಟಿ.ಎಂ. ಥಾಮಸ್ ಐಸಾಕ್ ಅವರು 2020ರ ಫೆಬ್ರವರಿಯ ಬಜೆಟ್ ಭಾಷಣದಲ್ಲಿ, ಆ ವರ್ಷದ ನವೆಂಬರಿನಿಂದ ಸಿ.ಎಫ್.ಎಲ್. ಮತ್ತು ಫಿಲಮೆಂಟು ಬಲ್ಬುಗಳ ಮಾರಾಟವನ್ನು ನಿಷೇಧಿಸುವುದಾಗಿ ಘೋಷಿಸಿದರು. ಫಿಲಮೆಂಟುರಹಿತ ಪಂಚಾಯತು ಎಂದು ಆ ಹೊತ್ತಿಗೆ ಹೆಸರು ಪಡೆದುದು ಇದೇ ಕಾಸರಗೋಡು ಜಿಲ್ಲೆಯ ತೆಂಕಣ ಭಾಗದ ಪೀಲಿಕೋಡು. 2021ರ ಜನವರಿಯಿಂದ ವಿದ್ಯುಚ್ಛಕ್ತಿ ಮಂಡಳಿಯು 9 ವಾಟಿನ ಎಲ್.ಇ.ಡಿ. ಬಲ್ಬುಗಳನ್ನು ಮನೆಗಳಿಗೆ ತಲಪಿಸತೊಡಗಿತು.

ಪಾದರಸದ ಕುರಿತಾದ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಮಿನಮಾಟದ ಹೆಸರನ್ನೇ ಇಡಲಾಗಿದೆ. 2013ರಲ್ಲಿ ಅಂಗೀಕೃತವಾದ ಅದನ್ನು ಭಾರತ 2018ರಲ್ಲಿ ಸ್ಥಿರೀಕರಿಸಿತು. ಒಪ್ಪಂದದ ಸದಸ್ಯರಾಷ್ಟ್ರಗಳು 2022ರಲ್ಲಿ ಸೇರಿ, 30 ವಾಟಿನವರೆಗಿನ ಸಾಮಾನ್ಯ ಸಿ.ಎಫ್.ಎಲ್. ದೀಪಗಳ ತಯಾರಿ ಮತ್ತು ಆಮದು ರಫ್ತುಗಳಿಗೆ 2025ನ್ನು ಕೊನೆಯ ವರ್ಷವಾಗಿ ನಿಶ್ಚಯಿಸಿದವು; ಸಾಮಾನ್ಯ ಬೆಳಕಿನ ಟ್ಯೂಬ್‌ಲೈಟುಗಳ ಗಡುವು 2027ಕ್ಕೆ ಮುಗಿಯುತ್ತದೆ. ಅಂದರೆ ಸಮಸ್ಯೆಯ ಮೂಲ ಬತ್ತುತ್ತಿದೆ. ಉಳಿದಿರುವುದು ಅಟ್ಟ, ಕೊಟ್ಟಿಗೆ ಮತ್ತು ದಾಸ್ತಾನು ಕೊಠಡಿಗಳಲ್ಲಿ ಇರುವ ಹಳೆಯ ದೀಪಗಳು. ಎಲ್.ಇ.ಡಿ.ಗೆ ಬದಲಾಗುವ ಸಡಗರದಲ್ಲಿ ಅವೆಲ್ಲವೂ ಒಟ್ಟಿಗೆ ಹೊರಬರುವ ಕಾಲ ಇದೇ ಆಗಿರುವುದರಿಂದ, ಅಪಾಯ ಕಡಿಮೆಯಾಗುವ ಮೊದಲು ಸ್ವಲ್ಪ ಹೆಚ್ಚಾಗಲೂಬಹುದು. ಉರಿಯುತ್ತಿರುವ ಸಿ.ಎಫ್.ಎಲ್.ಅನ್ನು ಅವಸರದಿಂದ ಕಳಚಿ ಎಸೆಯುವುದರಲ್ಲಿ ಅರ್ಥವಿಲ್ಲ. ಹೋಲ್ಡರಿನಲ್ಲಿರುವಷ್ಟು ದಿನ ಅದರ ಪಾದರಸ ಕೊಳವೆಯೊಳಗೇ ಭದ್ರ.

ಎಲ್.ಇ.ಡಿ.ಯೂ ನಿರ್ದೋಷಿಯಲ್ಲ. ಅದರಲ್ಲಿ ಪಾದರಸವಿಲ್ಲ, ಆದರೆ ಸರ್ಕಿಟ್, ಬೆಸುಗೆ ಮತ್ತು ಲೋಹದ ಭಾಗಗಳಿರುವ ಅದು ಕೆಟ್ಟ ಮೇಲೆ ಇಲೆಕ್ಟ್ರಾನಿಕ್ ತ್ಯಾಜ್ಯವೇ. ಅಗ್ಗದ ಬಲ್ಬುಗಳ ಬೆಳಕು ಕಣ್ಣಿಗೆ ತಿಳಿಯದಂತೆ ಕಂಪಿಸುತ್ತದೆ. ಮೊಬೈಲಿನ ಕ್ಯಾಮೆರಾವನ್ನು ಅದರ ಮುಂದೆ ಹಿಡಿದಾಗ ಕಪ್ಪು ಪಟ್ಟಿಗಳು ಓಡುವುದನ್ನು ಮಕ್ಕಳಿಗೆ ತೋರಿಸಬಹುದು. ತೀರ ಬೆಳ್ಳಗಿನ 6500 ಕೆಲ್ವಿನ್ ಬೆಳಕಿನಲ್ಲಿ ನೀಲಿಯ ಅಂಶ ಹೆಚ್ಚು. ಮಲಗುವ ಹೊತ್ತಿನಲ್ಲಿ ಓದುವ ಮಕ್ಕಳಿಗೆ 3000 ಕೆಲ್ವಿನ್ ಸಮೀಪದ ಹಳದಿ ಛಾಯೆಯ ದೀಪ ಹಿತ.

ಎಲ್ಲಿಗೆ ಕೊಡುವುದು

ಪಾದರಸವುಳ್ಳ ದೀಪಗಳು 2016ರ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬಂದವು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಹೊಸ ನಿಯಮಗಳು ತಯಾರಕರ ಹೊಣೆಯನ್ನು ಮತ್ತಷ್ಟು ಸ್ಪಷ್ಟಪಡಿಸಿವೆ. ಕೇರಳದ ಪಂಚಾಯತುಗಳಲ್ಲಿ ಮನೆಮನೆಗೆ ಬರುವ ಹರಿತ ಕರ್ಮ ಸೇನೆಯ ಮೂಲಕ ಸಂಗ್ರಹಿಸಿದ ಅಜೈವಿಕ ತ್ಯಾಜ್ಯವು ಸರಕಾರದ ಕ್ಲೀನ್ ಕೇರಳ ಕಂಪೆನಿಯನ್ನು ಸೇರುವ ಏರ್ಪಾಡಿದೆ. ಪ್ಲಾಸ್ಟಿಕ್, ಚಪ್ಪಲಿ, ಗಾಜು, ಇ-ತ್ಯಾಜ್ಯ ಇವುಗಳಿಗೆ ಬೇರೆ ಬೇರೆ ತಿಂಗಳುಗಳನ್ನು ಗೊತ್ತುಪಡಿಸಿದ ಸಂಗ್ರಹ ಪಟ್ಟಿ ಇರುತ್ತದೆ. ಶಾಲೆಯವರು ಪಂಚಾಯತಿನಿಂದ ಆ ಪಟ್ಟಿಯನ್ನು ಮೊದಲೇ ಕೇಳಿಕೊಂಡರೆ, ಟ್ಯೂಬ್‌ಲೈಟು ಸಾಮಾನ್ಯ ಗಾಜಿನೊಡನೆ ಬೆರೆತು ಚೀಲದಲ್ಲಿ ಪುಡಿಯಾಗುವುದನ್ನು ತಪ್ಪಿಸಬಹುದು. ಚೀಲ ಹೊರುವ ಮಹಿಳೆಯರ ಆರೋಗ್ಯದ ಪ್ರಶ್ನೆಯೂ ಇಲ್ಲಿದೆ. ಇಡಿಯಾದ ದೀಪವನ್ನು 'ಬಲ್ಬು' ಎಂದು ಹೇಳಿ ಬೇರೆಯಾಗಿ ಅವರ ಕೈಗೇ ಕೊಡಬೇಕು. ಕಸದೊಡನೆ ಸುಡುವುದು ಎಲ್ಲಕ್ಕಿಂತ ಕೆಟ್ಟ ಕ್ರಮ. ಪಾದರಸ ಕುದಿಯುವುದು 357 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ತೆಂಗಿನ ಮಡಲು ಉರಿಯುವ ಬೆಂಕಿಗೆ ಆ ಶಾಖ ಏನೇನೂ ಅಲ್ಲ.

ಗಡಿನಾಡಿನ ಕನ್ನಡ ಅಧ್ಯಾಪಕರಿಗೆ ಇನ್ನೊಂದು ಕೆಲಸವೂ ಬರುತ್ತದೆ. ಬಲ್ಬಿನ ಪೆಟ್ಟಿಗೆಯ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿದೆ. ಹರಿತ ಕರ್ಮ ಸೇನೆಯ ಸೂಚನೆ ಮಲೆಯಾಳದಲ್ಲಿ ಬರುತ್ತದೆ. ಮಗುವಿನ ಮನೆಯ ಮಾತು ತುಳುವೋ, ಬ್ಯಾರಿಯೋ, ಹವ್ಯಕ ಕನ್ನಡವೋ, ಕೊಂಕಣಿಯೋ ಆಗಿರುತ್ತದೆ. ಈ ಮೂರರ ನಡುವೆ ಎಚ್ಚರಿಕೆ ಸೋರಿಹೋಗುತ್ತದೆ. ಹಿಂದಿನ ಪಾಠಪುಸ್ತಕಗಳ 'ಪ್ರತಿದೀಪ್ತಿ ದೀಪ' ಎಂಬ ಪದವನ್ನು ಪರೀಕ್ಷೆಗಾಗಿ ಕಲಿಸಿದರೂ ಮಕ್ಕಳು ಮನೆಗೆ ಒಯ್ಯಬೇಕಾದ ಪದಗಳು 'ಟ್ಯೂಬ್‌ಲೈಟು', 'ಸಿ.ಎಫ್.ಎಲ್.' ಮತ್ತು 'ಪಾದರಸ' ಎಂಬವೇ. ಪ್ರತಿ ಮನೆಯಲ್ಲಿ ಉರಿಯುತ್ತಿರುವ ಮತ್ತು ಕೆಟ್ಟು ಬಿದ್ದಿರುವ ಇಂತಹ ದೀಪಗಳನ್ನು ಮುಟ್ಟದೆ ಎಣಿಸಿಕೊಂಡು ಬರಲು ಏಳನೆಯ ತರಗತಿಯವರಿಗೆ ಹೇಳಿದರೆ, ಒಂದು ವಾರ್ಡಿನಲ್ಲಿ ಒಟ್ಟು ಎಷ್ಟು ಮಿಲಿಗ್ರಾಂ ಪಾದರಸವಿದೆಯೆಂಬುದನ್ನು ಅವರೇ ಗುಣಿಸಿ ಹೇಳುತ್ತಾರೆ. ಕೆಟ್ಟವುಗಳ ಪಟ್ಟಿಯನ್ನು ಮುಖ್ಯೋಪಾಧ್ಯಾಯರ ಮೂಲಕ ಪಂಚಾಯತಿಗೆ ಕಳುಹಿಸಬಹುದು. ಶಾಲೆಯ ದೀಪಗಳನ್ನು ಅವು ಬಂದ ರಟ್ಟಿನ ಪೆಟ್ಟಿಗೆಯಲ್ಲಿಯೇ ಮಲಗಿಸಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿ, 'ಪಾದರಸವಿದೆ, ಒಡೆಯಬೇಡಿ' ಎಂದು ಕನ್ನಡ ಮತ್ತು ಮಲೆಯಾಳ ಎರಡರಲ್ಲಿಯೂ ಬರೆದು ಇಡಬೇಕು; ಪೆಟ್ಟಿಗೆಯ ಮೇಲೆ ಸಂಖ್ಯೆ ಮತ್ತು ದಿನಾಂಕ ಇದ್ದರೆ ಸಂಗ್ರಹಕ್ಕೆ ಬಂದವರಿಗೆ ಒಪ್ಪಿಸುವಾಗ ಎಣಿಸಿ ಸಹಿ ಪಡೆಯಲು ಅನುಕೂಲ.